ಹಳೆಯ ಕಡತಗಳಿಗೆ ನಾನು ಹಾಕಿದ ಕಾವಲು

ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ನನಗೆ ಇಪ್ಪತ್ತಾರು ವರ್ಷವಾಯಿತು. ಕಂಪ್ಯೂಟರನ್ನು ಯಾರೂ ಕೂರಿಸಿ ಕಲಿಸಲಿಲ್ಲ; ಪಕ್ಕದ ಮೇಜಿನವರ ಬೆರಳು ನೋಡಿ ಕಲಿತೆ. ಹಾಗೆ ಕಲಿತವಳಿಗೆ ಇರುವಷ್ಟು ಜಂಬ ಓದಿ ಕಲಿತವರಿಗೆ ಇರಲಾರದು.

ಹೊಸ ಸಾಫ್ಟ್‌ವೇರ್ ಬಂದಾಗ ಹಳೆಯ ರೋಗಿಗಳ ಡೇಟಾಬೇಸ್ ಕಡತಗಳನ್ನು ನೆಲಮಾಳಿಗೆಯ ಒಂದು ಕಂಪ್ಯೂಟರಿಗೆ ಸಾಗಿಸಿದರು. ನೆಟ್‌ವರ್ಕ್ ಮೂಲಕ ನನ್ನ ಮೇಜಿನಿಂದಲೇ ಅವನ್ನು ನೋಡಬಹುದಿತ್ತು. ಯಾರಾದರೂ ಕೈಯಾಡಿಸಿ ಕೆಡಿಸಿಯಾರೆಂದು ಆ ಫೋಲ್ಡರಿಗೆ ‘ಓದಲು ಮಾತ್ರ’ ಎಂದು ಕಾವಲು ಹಾಕಿದೆ. ಆಮೇಲೆ ಐದು ವರ್ಷ, ಪ್ರತಿ ಸೋಮವಾರ, ಕಡತಗಳ ಹೆಸರು ಸಾಲಾಗಿರುವುದನ್ನು ನೋಡಿ, ಮನಸ್ಸಿನಲ್ಲೇ ದೇವರಿಗೆ ಕೈಮುಗಿದು ಮುಚ್ಚುತ್ತಿದ್ದೆ. ಒಂದನ್ನೂ ತೆರೆದು ನೋಡಲಿಲ್ಲ.

ಮೊನ್ನೆ ಮಧ್ಯಾಹ್ನ ಒಬ್ಬ ತಾಯಿ ಬಂದರು. ಮಗಳಿಗೆ ಮರುದಿನ ಬೆಳಿಗ್ಗೆ ಆಪರೇಷನ್.

“ಏಳು ವರ್ಷದವಳಿದ್ದಾಗ ಇಲ್ಲೇ ಒಂದು ಆಪರೇಷನ್ ಆಗಿತ್ತಮ್ಮ. ಪ್ರಜ್ಞೆ ತಪ್ಪಿಸೋ ಸೂಜಿ ಕೊಟ್ಟಿದ್ದೇ ತಡ, ಮಗು ನೀಲಿಗಟ್ಟಿಬಿಡ್ತು. ಔಷಧದ ಹೆಸರು ಡಾಕ್ಟ್ರು ಹೇಳಿದ್ರು, ಆ ಗಾಬರೀಲಿ ನನ್ನ ತಲೆಗೇ ಹೋಗಲಿಲ್ಲ. ನಾಳೆ ಮತ್ತೆ ಅದನ್ನೇ ಕೊಟ್ಟುಬಿಟ್ರೆ?”

“ಕೂತ್ಕೊಳ್ಳಿ, ಎರಡೇ ನಿಮಿಷ” ಎಂದೆ, ಎಲ್ಲ ಬಲ್ಲವಳ ಹಾಗೆ.

ಎರಡು ನಿಮಿಷ ಒಂದೂವರೆ ಗಂಟೆಯಾಯಿತು. ಹೆಸರು ಕಾಣುತ್ತದೆ, ಕಡತ ತೆರೆಯುವುದಿಲ್ಲ. ನೆಟ್‌ವರ್ಕಿಗೆ ಬೈದೆ, ಅದನ್ನು ನೋಡಿಕೊಳ್ಳುವ ಮೆಕ್ಯಾನಿಕ್ಕನಿಗೂ ಫೋನಿನಲ್ಲಿ ಬೈದೆ. ಆತ ಎರಡು ಸಲ ನೆಲಮಾಳಿಗೆಗೆ ಇಳಿದು ಹತ್ತಿ, ಏದುಸಿರು ಬಿಡುತ್ತ ನನ್ನ ಪರದೆಯ ಮುಂದೆ ಕುಳಿತ.

“ವೈರೆಲ್ಲ ಸರಿಯಾಗಿದೆ ಅಕ್ಕ. ಈ ಫೋಲ್ಡರಿಗೆ ಕಾವಲು ಹಾಕಿದ್ಯಾರು?”

“ನಾನೇ! ಒಂದಕ್ಷರ ಅಲ್ಲಾಡಬಾರದು ಅಂತ.”

“ಭೇಷ್! ಈ ಹಳೇ ಪ್ರೋಗ್ರಾಂ ಕಡತ ತೆರೆಯೋಕೆ ಮುಂಚೆ ‘ಇಲ್ಲಿ ಒಬ್ರು ಓದ್ತಿದ್ದಾರೆ’ ಅಂತ ಪಕ್ಕದಲ್ಲೇ ಒಂದು ಚೀಟಿ ಬರೆದಿಡುತ್ತೆ. ನೀವು ಅದಕ್ಕೂ ಬಿಟ್ಟಿಲ್ಲ. ಪಾಪ, ಬಾಗಿಲಲ್ಲೇ ನಿಂತಿದೆ.”

“ಐದು ವರ್ಷದಿಂದಲಾ?”

“ನೀವೂ ಐದು ವರ್ಷದಿಂದ ಬಾಗಿಲು ತಟ್ಟಿಲ್ವಲ್ಲ!”

ನನ್ನ ಕಿವಿ ಬಿಸಿಯಾಯಿತು. ಆತ ಕಡತದ ಒಂದು ಪ್ರತಿಯನ್ನು ನನ್ನ ಕಂಪ್ಯೂಟರಿಗೆ ಇಳಿಸಿದ. ಇಲ್ಲಿ ಚೀಟಿ ಬರೆಯಲು ಅಡ್ಡಿಯಿರಲಿಲ್ಲ, ಕ್ಷಣದಲ್ಲಿ ತೆರೆಯಿತು. ಹುಡುಗಿಯ ಹೆಸರು, ವಯಸ್ಸು, ಕೆಳಗೆ ಔಷಧದ ಹೆಸರು, ‘ಮತ್ತೆಂದೂ ಕೊಡಬಾರದು’ ಎಂಬ ಸೂಚನೆ. ಡಾಕ್ಟರಿಗೆ ಫೋನು ಮಾಡಿ ಒಂದೊಂದೇ ಅಕ್ಷರ ಓದಿದೆ. ಅತ್ತಲಿಂದ ಹಾಳೆ ಮಗುಚುವ ಸದ್ದು ಕೇಳಿತು.

“ನಾಳೆಗೆ ಅದನ್ನೇ ಬರೆದಿದ್ದೆ. ಈಗಲೇ ಬದಲಾಯಿಸ್ತೀನಿ” ಎಂದರು.

ಔಷಧದ ಹೆಸರನ್ನು ಕಾಗದದಲ್ಲಿ ಬರೆದು ಆ ತಾಯಿಗೆ ಕೊಟ್ಟೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು. “ಇಷ್ಟು ವರ್ಷ ಜೋಪಾನವಾಗಿ ಇಟ್ಟಿದ್ರಲ್ಲ, ನಿಮ್ಮ ಹೊಟ್ಟೆ ತಣ್ಣಗಿರಲಿ!”

ಮೆಕ್ಯಾನಿಕ್ಕು ಚಾವಣಿ ನೋಡತೊಡಗಿದ. ನಾನು ಸುಮ್ಮನಿರಬಹುದಿತ್ತು. ಆದರೆ ಮೇಲಿರುವವನು ನೋಡುತ್ತಿರುತ್ತಾನಲ್ಲ. “ಇಲ್ಲಮ್ಮ, ತಡವಾಗಿದ್ದು ನನ್ನಿಂದಲೇ...” ಎಂದು ಶುರುಮಾಡಿದೆ. ಅಷ್ಟರಲ್ಲಿ ಅವರು ಮಗಳ ವಾರ್ಡಿನ ಮೆಟ್ಟಿಲು ಹತ್ತಿಯಾಗಿತ್ತು. ತಪ್ಪೊಪ್ಪಿಗೆ ಕೇಳಲು ಉಳಿದವನು ಮೆಕ್ಯಾನಿಕ್ಕು ಮಾತ್ರ. ಸಂಜೆಯೊಳಗೆ ಆತ ಅದನ್ನು ನಾಲ್ಕೂ ಮಹಡಿಗೆ ತಲುಪಿಸಿದ.