ಶೇಖರಣ್ಣನ ಹೆಸರಿನ ಶೀಶೆ

ಇದು ನಡೆದದ್ದು. ನಡೆಸಿದವನು ನಾನೇ. ಕಟ್ಟುಕಥೆ ಅಂತ ಮೂಗು ಮುರಿಯುವವರು ಇಲ್ಲಿಗೇ ಬಿಟ್ಟು ಏಳಬಹುದು, ನನಗೇನೂ ಬೇಸರವಿಲ್ಲ.

ಕುರ್ಲಾದಿಂದ ಬಸ್ಸಿನಲ್ಲಿ ಹೋದರೆ ನಮ್ಮ ಪ್ರಯೋಗಾಲಯ. ಸೂರ್ಯನಲ್ಲಿ ಆಗುವಂತೆ ಪರಮಾಣುಗಳನ್ನು ಬೆಸೆದು ಶಕ್ತಿ ಪಡೆಯುವ ಸಂಶೋಧನೆ. ಅದಕ್ಕೆ ಇಂಧನ ವಿಕಿರಣ ಸೂಸುವ ಟ್ರಿಟಿಯಂ ಅನಿಲ. ಒಮ್ಮೆ ಬಳಸಿದಾಗ ಅದರಲ್ಲಿ ಬಹುಪಾಲು ಹಾಗೇ ಉಳಿಯುತ್ತದೆ. ಅದನ್ನು ಸೋಸಿ ಮತ್ತೆ ಇಂಧನ ಮಾಡಬೇಕು. ಮುಚ್ಚಿದ ಗಾಜಿನ ಪೆಟ್ಟಿಗೆಗೆ ಜೋಡಿಸಿದ ರಬ್ಬರ್ ಗ್ಲೌಸಿನೊಳಗೆ ಕೈ ತೂರಿಸಿ ಆ ಕೆಲಸ ಮಾಡುತ್ತಿದ್ದವರು ಉಡುಪಿಯ ಶೇಖರಣ್ಣ.

ನಾನು ವಿಜಯಪುರದವನು, ರಾತ್ರಿ ಪಾಳಿ. ಟ್ರಿಟಿಯಂ ಮೈಸೇರಿದರೆ ಮೂತ್ರದಲ್ಲಿ ಗೊತ್ತಾಗುತ್ತದೆ. ಎಲ್ಲರ ಸ್ಯಾಂಪಲ್ ಪರೀಕ್ಷಿಸುವುದು ನನ್ನ ಕೆಲಸ. ಗ್ಲೌಸುಗಳ ತಪಾಸಣೆಯೂ ನನ್ನ ತಲೆಗೇ ಕಟ್ಟಿದ್ದರು.

ಸೋಮವಾರ ಬಲಗೈ ಗ್ಲೌಸಿನ ಹೆಬ್ಬೆರಳ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಬರೆದಿಟ್ಟರೆ ಎರಡು ದಿನ ಕೆಲಸ ಬಂದ್, ತಂಗಿಯ ಮದುವೆಗೆಂದು ಪಡೆದ ರಜೆಯೂ ರದ್ದು. ಬರೆಯಲಿಲ್ಲ. ಮರುದಿನ ಶೇಖರಣ್ಣ ಅದೇ ಗ್ಲೌಸಿನಲ್ಲಿ ಸಂಜೆಯವರೆಗೆ ದುಡಿದರು. ಅಲಾರಂ ಕೂಗುವಷ್ಟೇನೂ ಸೋರಲಿಲ್ಲ.

ಆ ರಾತ್ರಿ ಅವರ ಸ್ಯಾಂಪಲ್ ನನ್ನ ಮುಂದಿತ್ತು. ಲೆಕ್ಕ ಹೆಚ್ಚು ಬಂದರೆ ಮೊದಲು ಕೇಳುವುದೇ ಗ್ಲೌಸಿನ ವಿಷಯ. ಸ್ಯಾಂಪಲ್ ಚೆಲ್ಲಿ, ಅವರ ಹೆಸರಿನ ಶೀಶೆಗೆ ನಲ್ಲಿ ನೀರು ತುಂಬಿಸಿದೆ. ಬೇಗ ತಿಳಿದರೆ ಉಪಾಯವಿದೆ: ಸತತವಾಗಿ ನೀರು ಕುಡಿಸಿ ಮೈಯಿಂದ ಅದನ್ನು ಹೊರಹಾಕಬಹುದು. ತಡವಾದಷ್ಟೂ ಅಪಾಯ. ಎಲ್ಲ ಗೊತ್ತಿದ್ದೇ ಮಾಡಿದೆ.

ಟ್ರಿಟಿಯಂ ಇದ್ದರೆ ಶೀಶೆಗೆ ಬೆರೆಸಿದ ದ್ರಾವಣ ಮಿಣುಕುತ್ತದೆ. ಯಂತ್ರ ಒಂದೊಂದೇ ಶೀಶೆಯನ್ನು ಕತ್ತಲ ಗೂಡಿಗೆ ಇಳಿಸಿ ಆ ಮಿಣುಕು ಎಣಿಸುತ್ತದೆ. ಟಕ್... ಟಕ್... ಕೋಣೆ ತುಂಬ ದ್ರಾವಣದ ಘಾಟು.

ಶೇಖರಣ್ಣನ ಶೀಶೆ ಇಳಿಯಿತು. ಲೆಕ್ಕ ಏರತೊಡಗಿತು...

ದ್ರಾವಣ ಬೆರೆಸಿದ ಕೂಡಲೇ ಸುಳ್ಳು ಮಿಣುಕು ಬರುವುದುಂಟು. ಒಂದು ಗಂಟೆ ಕತ್ತಲಲ್ಲಿಟ್ಟು ಮತ್ತೆ ಹಾಕಿದೆ. ದುಪ್ಪಟ್ಟಾಯಿತು. ಹೆಸರಿಲ್ಲದ ಹೊಸ ಶೀಶೆಯಲ್ಲಿ ಅದೇ ನಲ್ಲಿಯ ನೀರು ಇಟ್ಟೆ. ಏನೂ ಇಲ್ಲ. ಅದನ್ನೇ ಹೊರತೆಗೆದು ಶೇಖರಣ್ಣನ ಹೆಸರಿನ ಚೀಟಿ ಅಂಟಿಸಿ ಮತ್ತೆ ಇಳಿಸಿದೆ.

ಲೆಕ್ಕ ಏರಿತು.

ಆಗ ಎರಡೂವರೆ. ಯಂತ್ರದ ಹಿಂದೆ ಯಾರೋ ಗಟಗಟ ನೀರು ಕುಡಿಯುವ ಸದ್ದು... ಹೋಗಿ ನೋಡಿದೆ, ಬರೀ ಗೋಡೆ. ಸದ್ದು ನಿಲ್ಲಲಿಲ್ಲ.

ಹೆದರಿ ನಿಜ ಬರೆದೆ ಅಂದುಕೊಂಡಿರಾ? ಹೆದರಿದ್ದು ಹೌದು. ಆದರೂ ಹೆಸರಿಲ್ಲದ ಶೀಶೆಯ ಅಂಕಿಯನ್ನು ಅವರ ಹೆಸರಿನ ಮುಂದೆ ಬರೆದು ಸಹಿ ಹಾಕಿದೆ. ನಾನು ಅಂಥವನೇ.

ಬೆಳಿಗ್ಗೆ ಗೇಟಿನ ಹೊರಗೆ ಶೇಖರಣ್ಣ ನೆಟ್ಟಗೆ ನನ್ನ ಹತ್ತಿರ ಬಂದರು. ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿದ್ದವು.

"ಎಂಥ ಬಂತು ಮಾರಾಯ?"

"ಏನೂ ಇಲ್ರೀ ಅಣ್ಣಾ. ನಾರ್ಮಲ್ ಐತ್ರಿ."

"ಮತ್ತೆ ಎರಡೂವರೆಗೆ ಫೋನ್ ಮಾಡಿದ್ದು ಎಂಥಕ್ಕೆ? ನೀರು ಕುಡೀರಿ, ನೀರು ಕುಡೀರಿ ಅಂತ ಬೆಳಗಿನ ತನಕ ಹೇಳಿದ್ದೇ ಹೇಳಿದ್ದು. ನಾನೂ ಕುಡಿದೆ."

ನಮ್ಮಲ್ಲಿ ಮೊಬೈಲ್ ಒಳಗೆ ಬಿಡುವುದಿಲ್ಲ. ನನ್ನದು ರಾತ್ರಿಯಿಡೀ ಗೇಟಿನ ಲಾಕರಿನಲ್ಲಿ ಆಫ್ ಆಗಿತ್ತು. ಅವರು ತಮ್ಮ ಮೊಬೈಲ್ ತೋರಿಸಿದರು. ನನ್ನದೇ ನಂಬರ್.

ಆಮೇಲೆ ದನಿ ತಗ್ಗಿಸಿ ಕೇಳಿದರು. "ಬೇಜಾರು ಮಾಡ್ಬೇಡ. ನೀನು ಅಷ್ಟು ಅಳ್ತಾ ಇದ್ದದ್ದು ಯಾಕೆ?"

ನಾನು ಆ ರಾತ್ರಿ ಅತ್ತಿರಲಿಲ್ಲ. ಮದುವೆಗೆ ಹೋಗಿ ಹೋಳಿಗೆ ಉಂಡು ಬಂದೆ. ಇವತ್ತಿಗೂ ಅವರಿಗೆ ನಿಜ ಹೇಳಿಲ್ಲ. ನನ್ನ ದನಿಯಲ್ಲಿ ಅತ್ತವನು ನೀರಿನ ಮಾತಲ್ಲದೆ ಇನ್ನೇನೇನು ಹೇಳಿದನೋ... ಶೇಖರಣ್ಣ ಎದುರಿಗೆ ಬಂದು ನಕ್ಕಾಗಲೆಲ್ಲ ಕೇಳಬೇಕೆನ್ನಿಸುತ್ತದೆ. ಧೈರ್ಯ ಸಾಲುತ್ತಿಲ್ಲ.