ಚಾಸಿಸ್ ನಂಬರ್ ತೆಗೆಯೋ ಪೆನ್ಸಿಲ್

ನಮ್ಮ ಬೀದಿ ಬೈಕ್ ಮೆಕ್ಯಾನಿಕ್ ಮಾಮ ಅಂದ್ರೆ ನಂಗೆ ಹುಚ್ಚು ಅಭಿಮಾನ ಕಣ್ರೀ. ರಜಾ ಸಿಕ್ರೆ ಸಾಕು, ಹಳೇ ಬೈಕ್ ಹತ್ತಿ ಯುದ್ಧ ಸ್ಮಾರಕ ನೋಡೋಕೆ ಹೊರಟುಬಿಡ್ತಾರೆ. ಈ ಸಲ ಹಿಂದುಗಡೆ ಟೈಲರ್ ಅಜ್ಜಿ ಕೂತಿದ್ರು. ಯುದ್ಧದಲ್ಲಿ ಸತ್ತ ಅವರಣ್ಣನ ಹೆಸರಿದ್ದ ಸ್ಮಾರಕದ ಕಲ್ಲನ್ನ ಅವತ್ತೇ ಕೀಳೋರಿದ್ರು, ಆಮೇಲೆ ಹೊಸದು ಕೆತ್ತಿಸಿ ಹಾಕೋರಿದ್ರು.

ಹೋಗಿ ನೋಡಿದ್ರೆ ಹೊಸ ಕಲ್ಲಲ್ಲಿ ಕೆತ್ತೋ ಹೆಸರುಗಳ ಪಟ್ಟಿಯಲ್ಲಿ ಅಣ್ಣನ ಹೆಸರೇ ಇಲ್ಲ!

"ಅಕ್ಷರ ಸವೆದುಹೋಗಿದೆ ಅಜ್ಜಿ. ನೀವು ಬಾಯಲ್ಲಿ ಹೇಳಿದ್ರೆ ಆಗಲ್ಲ, ಕಲ್ಲಲ್ಲಿ ಕಾಣಬೇಕು," ಅಂದ ಪಟ್ಟಿ ಹಿಡಿದು ನಿಂತಿದ್ದ ಗುಮಾಸ್ತ.

ಅಜ್ಜಿ ಸೀದಾ ಹೋಗಿ ಕಲ್ಲು ಕೀಳೋಕೆ ಬಂದಿದ್ದ ಕೆಲಸದವನ ಹಾರೆ ಹಿಡ್ಕೊಂಡ್ರು.

"ಹತ್ತು ನಿಮಿಷ ಕೊಡಿ ಸ್ವಾಮಿ," ಅಂದ್ರು ಮಾಮ.

"ಐದೇ," ಅಂದ ಗುಮಾಸ್ತ.

ತುಕ್ಕು ಹಿಡಿದ ಬೈಕಿನ ಚಾಸಿಸ್ ನಂಬರ್ ಓದೋಕೆ ಅದರ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ತಾರಲ್ಲ, ಮಾಮ ಹಂಗೇ ಕಲ್ಲಿನ ಮೇಲೂ ಉಜ್ಜಿದ್ರು. ಕಾಗದ ಪರ್ ಅಂತ ಹರೀತು. ಇನ್ನೊಂದೇ ಉಳಿದಿತ್ತು.

"ಮೆಲ್ಲಗೆ ಕಣೋ! ಅದು ನಿನ್ನ ಗಾಡಿ ಅಲ್ಲ, ನಮ್ಮಣ್ಣ!" ಅಜ್ಜಿ ಗದರಿದ್ರು.

ಮಾಮ ಉಸಿರು ಬಿಗಿಹಿಡಿದು ಉಜ್ಜಿದ್ರು. ಕಪ್ಪಿನ ನಡುವೆ ಒಂದೊಂದೇ ಅಕ್ಷರ ಬೆಳ್ಳಗೆ ಮೂಡ್ತು. ಗುಮಾಸ್ತ ಕನ್ನಡಕ ಏರಿಸಿ ಓದಿದ, ಪಟ್ಟಿ ಕೊನೇಲಿ ಪೆನ್ನಲ್ಲಿ ಹೆಸರು ಸೇರಿಸಿದ.

ಅಜ್ಜಿ ಹಾರೆ ಬಿಟ್ರು. "ಇನ್ನು ಕೀಳ್ರಪ್ಪ."