ಬಿಜೈ ಕೆರೆಯ ಬಾಗಿ ಮತ್ತು ನೈದಿಲೆಯ ಕಳ್ಳ

ಬಿಜೈಯ ಕೆರೆಯ ಮೇಲೆ ಇನ್ನೂ ಮಬ್ಬುಗತ್ತಲು. ಎದೆಮಟ್ಟದ ನೀರಿನಲ್ಲಿ ನಿಂತ ಬಾಗಿಯ ಕೈ ನೈದಿಲೆಯ ಮೊಗ್ಗು ಕೊಯ್ಯುತ್ತಿದೆ, ಕಣ್ಣು ದಂಡೆಯನ್ನು ಕಾಯುತ್ತಿದೆ. ಯಾರೋ ಕೆಮ್ಮಿದರೂ ಸಾಕು, “ಯಾರದು?” ಎಂದು ಗದರುತ್ತಾಳೆ. ದೇವಸ್ಥಾನದ ಬೆಳಗಿನ ಪೂಜೆಗೆ ಹೂ ಒದಗಿಸುವುದು ಅತ್ತೆಯ ಕಾಲದಿಂದ ಬಂದ ಕೆಲಸ. ಹೂವಿಗೆ ಕೈಮುಗಿಯುವವರು ಬಹಳ. ಅದನ್ನು ಕೊಯ್ದವಳು ಯಾರೆಂದು ಕೇಳಿದವರಿಲ್ಲ. ಜಿಗಣೆ ಕಚ್ಚಿದ ಕಾಲಿಗೆ ಸುಣ್ಣ ಬಳಿದುಕೊಂಡು, ಒದ್ದೆ ಸೀರೆಯಲ್ಲೇ ಬುಟ್ಟಿ ಹೊತ್ತು ನಡೆಯುತ್ತಾಳೆ.

ಅನುಮಾನ ಅವಳ ಹುಟ್ಟುಗುಣ. ಕಳೆದ ವರ್ಷ ಅದೇ ಅವಳಿಗೆ ಮುಳುವಾಯಿತು.

ಕೊಡಿಯಾಲ್‌ಬೈಲಿನ ನೋಣಯ್ಯನ ಗದ್ದೆಯಲ್ಲಿ ಹೆಂಚಿನ ಕಾರ್ಖಾನೆಗೆ ಮಣ್ಣು ತೆಗೆದ ಹೊಂಡವಿದೆ. ಅದರಲ್ಲಿ ಮಳೆನೀರು ತುಂಬಿ, ಕೆಲವು ತಿಂಗಳಲ್ಲಿ ನೈದಿಲೆ ಅರಳಿತು. ಸುದ್ದಿ ಕೇಳಿ ಬಾಗಿ ಓಡಿದಳು. ಅದೇ ನೀಲಿ ಹೂ! ಎಲೆಯಡಿ ತನ್ನ ಕೆರೆಯಲ್ಲಿರುವಂಥದೇ ಪುಟ್ಟ ಬಸವನಹುಳು! ಗಡ್ಡೆ ಕಿತ್ತು ತಂದು ನೆಟ್ಟದ್ದಲ್ಲದೆ ಮತ್ತೇನು? ನಾಳೆ ಇವನೇ ದೇವಸ್ಥಾನಕ್ಕೆ ಹೂ ಕೊಟ್ಟರೆ ತನ್ನ ಗತಿಯೇನು?

“ದೇವರಾಣೆ ನಾನು ಮುಟ್ಟಲಿಲ್ಲ ಬಾಗಿ” ಎಂದು ನೋಣಯ್ಯ ಅಂಗಲಾಚಿದರೂ ಅವಳು ಕೇಳಲಿಲ್ಲ. ನೆಟ್ಟಗೆ ಊರು ಕಾಯುವ ಭೂತದ ಗುಡಿಗೆ, ದೈವಸ್ಥಾನಕ್ಕೆ ಹೋಗಿ, “ಕದ್ದವರನ್ನು ನೀನೇ ನೋಡಿಕೋ” ಎಂದು ದೂರು ಹೇಳಿಬಂದಳು. ಹಾಗೆ ದೂರು ಬಿದ್ದರೆ, ಅದು ತೀರುವ ತನಕ ಎರಡು ಮನೆಗಳ ನಡುವೆ ಒಂದು ಲೋಟ ನೀರಿನ ಸಂಬಂಧವೂ ಇರುವಂತಿಲ್ಲ. ನೋಣಯ್ಯನೆಂದರೆ ಬಾಗಿಯ ಗಂಡ ತೀರಿಕೊಂಡಾಗ ಚಟ್ಟಕ್ಕೆ ಹೆಗಲು ಕೊಟ್ಟವನು. ಆಮೇಲೆ ಅವನ ಹೆಂಡತಿ ಜ್ವರದಿಂದ ಮಲಗಿದಳು. ದೈವ ಹಿಡಿಯಿತೆಂದು ಊರೆಲ್ಲ ಪಿಸುಗುಟ್ಟಿತು. ಪಾಪ, ಅವಳು ಎದ್ದು ಓಡಾಡಲು ಜಡಿಮಳೆಯ ಆಟಿ ತಿಂಗಳು ಕಳೆಯಬೇಕಾಯಿತು.

ಒಂದು ಭಾನುವಾರ ಬೇಟೆಯ ಹುಚ್ಚಿನ ಝೇವಿಯರ್ ತಾನು ಹೊಡೆದ ಕಾಡುಬಾತನ್ನು ಕೆರೆಯ ಮೆಟ್ಟಿಲಲ್ಲಿ ಕೂತು ಸೀಳುತ್ತಿದ್ದ. ದೇವರ ಹೂವಿನ ಕೆರೆಯಲ್ಲಿ ಇದೆಂಥ ಅನಾಚಾರ ಎಂದು ಬೈಯಲು ಹೋದ ಬಾಗಿ ಹಕ್ಕಿಯ ಮೇಲೆ ಬಗ್ಗಿ ನೋಡಿದಳು. ಹಕ್ಕಿಯ ಕಾಲಿಗೆ ಪಾಚಿ, ಪಾಚಿಯಲ್ಲಿ ಬಸವನಹುಳು. ಕರುಳಿನೊಳಗೆ ನೈದಿಲೆಯ ಇಡಿ ಇಡಿ ಬೀಜ.

“ಇದನ್ನು ಎಲ್ಲಿ ಹೊಡೆದದ್ದು?”

“ನೋಣಯ್ಯನ ಹೊಂಡದಲ್ಲಿ ಮಾರಾಯ್ತಿ. ಇವು ದಿನಾ ಇಲ್ಲಿ ಮೇಯ್ತವೆ, ಮತ್ತೆ ಅಲ್ಲಿಗೆ ಹಾರ್ತವೆ. ಎಂತ ಆಯ್ತು ನಿನಗೆ?”

ಬೀಜ ಹೊತ್ತ ಕಳ್ಳ ಈ ಹಕ್ಕಿಯೇ ಎಂದು ಆಗಲೂ ಅವಳು ನಂಬಲಿಲ್ಲ ನೋಡಿ! ಆ ಬೀಜಗಳನ್ನು ಕೆಸರು ತುಂಬಿದ ಮಡಕೆಗೆ ಹಾಕಿ ಕಾದಳು. ಮೊಳಕೆ ಕಂಡ ದಿನ ಅಡುಗೆಮನೆಯಲ್ಲಿ ಕೂತು ಗೋಳೋ ಎಂದು ಅತ್ತಳು. ಮರುದಿನವೇ ದೈವಸ್ಥಾನಕ್ಕೆ ಹೋಗಿ, ಹತ್ತು ಜನರ ಎದುರು ತಪ್ಪೊಪ್ಪಿ ದೂರು ಹಿಂತೆಗೆದುಕೊಂಡಳು. ನೋಣಯ್ಯ ಬಂದಿದ್ದ. ಗಂಧ ಪ್ರಸಾದ ತೆಗೆದುಕೊಂಡು ನೆಟ್ಟಗೆ ತನ್ನ ಮನೆಯ ದಾರಿ ಹಿಡಿದ.

ಈಗ ಬಾತುಗಳು ಕೆರೆಗಿಳಿದರೆ ಬಾಗಿ ಓಡಿಸುವುದಿಲ್ಲ. “ಅವಕ್ಕೆ ನನ್ನ ಕೆರೆ, ನಿನ್ನ ಹೊಂಡ ಅಂತ ಉಂಟಾ? ನಮ್ಮ ಕೆರೆಗೂ ಯಾವ ಕಾಲದಲ್ಲೋ ಅವೇ ತಂದು ಹಾಕಿರ್ಬೇಕು. ನಾನು ನನ್ನ ಹೂ, ನನ್ನ ಹೂ ಅಂತ ಹಾರಾಡಿದೆ” ಎನ್ನುತ್ತಾಳೆ.

ಇನ್ನೇನು ಆಸೆ ಎಂದು ಕೇಳಿದರೆ ಬುಟ್ಟಿಯನ್ನು ಸೊಂಟಕ್ಕೇರಿಸಿ ದಾರಿಯ ಕಡೆ ನೋಡುತ್ತಾಳೆ.

“ದೇವಸ್ಥಾನಕ್ಕೆ ಅವರ ಹೂವೂ ಹೋಗ್ಲಿ, ನನಗೆ ಬೇಜಾರಿಲ್ಲ. ದೈವ ಕ್ಷಮಿಸಿತು ಅಂತ ಎಲ್ಲರೂ ಹೇಳ್ತಾರೆ. ನೋಣಯ್ಯಣ್ಣ ನಮ್ಮ ಜಗಲಿಯಲ್ಲಿ ಕೂತು ಒಂದು ತುಂಡು ಬೆಲ್ಲ ಕಚ್ಚಿ ನೀರು ಕುಡಿದ್ರೆ ಮಾತ್ರ ನಾನು ಅದನ್ನು ನಂಬ್ತೇನೆ.”